ಗೊಬ್ಬರಕ್ಕೆ ಕೈಹಾಕುವ ಮೊದಲು

ಕೇಳುಗರಿಗೆ ನಮಸ್ಕಾರ. ಮನೆಯ ಹಿತ್ತಿಲಿನಲ್ಲಿ ನಾಲ್ಕು ತರಕಾರಿ ಗಿಡ ಬೆಳೆಸುವವರು, ಗಿಡ ಸ್ವಲ್ಪ ಸೊರಗಿದಂತೆ ಕಂಡರೆ ಸಾಕು, ಗೊಬ್ಬರದ ಚೀಲ ಬಿಚ್ಚುವುದುಂಟು. ನಾನೂ ಅದೇ ಸಾಲಿಗೆ ಸೇರಿದವನು. ಒಮ್ಮೆ ನನ್ನ ಟೊಮ್ಯಾಟೊ ಕಾಯಿಗಳಲ್ಲಿ, ತೊಟ್ಟಿಗೆ ಎದುರಾದ ತುದಿಯಲ್ಲಿ, ಅಂಗಿಯ ಗುಂಡಿಯಷ್ಟಗಲದ ಕಲೆ ಮೂಡಿ, ಕಪ್ಪಾಗಿ, ಒಳಕ್ಕೆ ಕುಸಿದು, ತೊಗಲಿನಂತೆ ಗಡುಸಾಗತೊಡಗಿತು. ಪೋಷಣೆ ಸಾಲದೆಂದು ಯೂರಿಯಾ ಹಾಕಿದೆ. ಎಲೆಗಳು ಸೊಂಪಾಗಿ ಬಂದವು, ಕಲೆಯೂ ಹೆಚ್ಚಿತು.

ಇದು ಕಾಯಿಗೆ ಕ್ಯಾಲ್ಸಿಯಂ ತಲುಪದಿದ್ದಾಗ ಆಗುವ ತೊಂದರೆ. ಹಾಗೆಂದು ಮಣ್ಣಿನಲ್ಲಿ ಅದು ಇಲ್ಲವೆಂದೇನೂ ಅಲ್ಲ. ಕ್ಯಾಲ್ಸಿಯಂ ಬೇರಿನಿಂದ ಮೇಲೇರುವುದು ನೀರಿನ ಜೊತೆಯಲ್ಲಿ; ಆ ನೀರು ಬಹುಪಾಲು ಹರಿಯುವುದು ಹೆಚ್ಚು ಆವಿ ಬಿಡುವ ಎಲೆಗಳ ಕಡೆಗೆ. ಮೂರು ದಿನ ನೀರು ಹಾಕಲು ಮರೆತು, ನಾಲ್ಕನೆಯ ದಿನ ಪಾತಿ ತುಂಬಿ ತುಳುಕುವಂತೆ ಸುರಿಯುತ್ತಿದ್ದ ನನ್ನಂಥವರ ಗಿಡದಲ್ಲಿ ಕಾಯಿಯ ಪಾಲಿಗೆ ಬರುವುದು ಅಷ್ಟಕ್ಕಷ್ಟೇ. ಯೂರಿಯಾ ಎಲೆಗಳನ್ನು ಹೆಚ್ಚಿಸಿ ಪೈಪೋಟಿಯನ್ನು ಇನ್ನಷ್ಟು ಬಿಗಿಗೊಳಿಸಿತ್ತು. ನೀರು ಕ್ರಮವಾಗಿ ಕೊಡತೊಡಗಿದ ಮೇಲೆ ಬಂದ ಕಾಯಿಗಳು ಕಲೆಯಿಲ್ಲದೆ ಹಣ್ಣಾದವು.

ಆದ್ದರಿಂದ ಗೊಬ್ಬರಕ್ಕೆ ಮೊದಲು ಕೊರತೆ ಯಾವುದೆಂದು ತಿಳಿಯಬೇಕು; ಎಲೆ ಹಳದಿಯಾಗಿದ್ದರೆ ಮೊದಲು ನೋಡಬೇಕಾದದ್ದು ಅದು ಯಾವ ಎಲೆ ಎಂಬುದನ್ನು. ಸಾರಜನಕ ಸಾಲದಾದಾಗ ಗಿಡವು ಹಳೆಯ ಎಲೆಗಳಲ್ಲಿದ್ದುದನ್ನು ಹಿಂಪಡೆದು ಹೊಸ ಚಿಗುರಿಗೆ ಕೊಡುತ್ತದೆ. ಹೀಗಾಗಿ ಬುಡದ ಎಲೆಗಳು ಮೊದಲು ಬಿಳಚಿಕೊಳ್ಳುತ್ತವೆ. ಕಬ್ಬಿಣವನ್ನು ಹಾಗೆ ಹಿಂಪಡೆಯಲಾಗದು, ಆದ್ದರಿಂದ ಅದರ ಕೊರತೆ ತುದಿಯ ಎಳೆಯ ಎಲೆಗಳಲ್ಲಿ, ನರಗಳು ಮಾತ್ರ ಹಸಿರಾಗಿ ಉಳಿದು, ಕಾಣಿಸುತ್ತದೆ. ಮಣ್ಣು ಕ್ಷಾರವಾಗಿದ್ದರೆ, ಕಬ್ಬಿಣವು ಮಣ್ಣಿನಲ್ಲಿದ್ದೂ ಬೇರಿಗೆ ದಕ್ಕುವುದಿಲ್ಲ. ಬಹುತೇಕ ತರಕಾರಿಗಳಿಗೆ ಮಣ್ಣಿನ ರಸಸಾರ, ಅಂದರೆ ಹುಳಿ-ಕ್ಷಾರಗಳನ್ನು ತೋರುವ ಪಿಎಚ್ ಅಳತೆ, 6ರಿಂದ 7ರ ನಡುವೆ ಇರುವುದು ಒಳ್ಳೆಯದು. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆಯೆಂದು ಬುಟ್ಟಿಗಟ್ಟಲೆ ಸುರಿಯುವವರು, ಅದು ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತದೆಂಬುದನ್ನೂ ನೆನಪಿಡಬೇಕು.

ಮಣ್ಣಿನ ಗುಣ ತಿಳಿಯಲು ಒಂದು ಗಾಜಿನ ಬಾಟಲಿ ಸಾಕು. ಮೂರನೇ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟರೆ, ಮರಳು ನಿಮಿಷದೊಳಗೆ ತಳಕ್ಕಿಳಿಯುತ್ತದೆ. ಅದರ ಮೇಲೆ ನುಣುಪಾದ ರೇವೆ ಕೆಲವು ಗಂಟೆಗಳಲ್ಲಿ ಕೂರುತ್ತದೆ. ಜೇಡಿಯ ಕಣಗಳು ಮಾತ್ರ ಒಂದೆರಡು ದಿನವಾದರೂ ನೀರನ್ನು ಕದಡಿಕೊಂಡೇ ಇರುತ್ತವೆ. ಜೇಡಿ ಹೆಚ್ಚಿದ್ದರೆ ಪೋಷಕಾಂಶಗಳಿಗೆ ಬರವಿಲ್ಲ, ಬರವಿರುವುದು ಗಾಳಿಗೆ.

ಹಿತ್ತಿಲಿನ ಸಣ್ಣ ಸುಧಾರಣೆಗಳು ನಿಜಕ್ಕೂ ನೆರವಾಗುವುದು ಇಲ್ಲಿಯೇ. ಮಡಿಯನ್ನು ನಾಲ್ಕು ಅಡಿಗಿಂತ ಅಗಲ ಮಾಡದೆ, ಎರಡು ಬದಿಯಿಂದಲೂ ನಡುವಿಗೆ ಕೈ ಎಟುಕುವಂತೆ ಇಟ್ಟು, ಓಡಾಟಕ್ಕೆ ಬೇರೆಯೇ ಕಾಲುದಾರಿ ಬಿಟ್ಟರೆ, ಬೇರು ಇಳಿಯುವ ಮಣ್ಣನ್ನು ಯಾರೂ ತುಳಿಯುವ ಪ್ರಮೇಯವೇ ಬರುವುದಿಲ್ಲ. ಈ ಒಂದು ಏರ್ಪಾಡು ಎಷ್ಟೋ ಚೀಲ ಗೊಬ್ಬರಕ್ಕೆ ಸಮವೆಂಬುದು ನನ್ನ ಅಭಿಪ್ರಾಯ. ಮಡಿಯ ಮೇಲೆ ಎರಡು ಮೂರು ಅಂಗುಲ ದಪ್ಪಕ್ಕೆ ಒಣಗಿದ ಎಲೆಯ ಹೊದಿಕೆ ಹಾಸಬಹುದು, ಕಾಂಡಕ್ಕೆ ತಾಗದಂತೆ. ಅದೇ ಎಲೆಯನ್ನು ಕೊಳೆಯುವ ಮೊದಲೇ ಮಣ್ಣಿನೊಳಗೆ ಬೆರೆಸಿದರೆ, ಕೊಳೆಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ.

ಸಾರಜನಕವನ್ನು ಗಾಳಿಯಿಂದಲೇ ಪಡೆಯುವ ದಾರಿಯೂ ಇದೆ. ಬೀನ್ಸ್ ಅಥವಾ ಬಟಾಣಿ ಗಿಡ ಹೂವಾಡುವಾಗ ಒಂದನ್ನು ಮೆಲ್ಲನೆ ಅಗೆದು ತೆಗೆದು, ಬೇರಿನ ಮೇಲಿನ ಸಣ್ಣ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಅಲ್ಲಿರುವ ಬ್ಯಾಕ್ಟೀರಿಯಾಗಳು ಕೆಲಸದಲ್ಲಿ ತೊಡಗಿವೆ ಎಂದರ್ಥ. ಕೊಯ್ಲು ಮುಗಿದ ಮೇಲೆ ಉಳಿದ ಗಿಡಗಳನ್ನು ಕೀಳದೆ ನೆಲಮಟ್ಟಕ್ಕೆ ಕತ್ತರಿಸಿ, ಬೇರನ್ನು ಅಲ್ಲಿಯೇ ಕೊಳೆಯಲು ಬಿಟ್ಟು, ಮುಂದಿನ ಸರದಿಯಲ್ಲಿ ಆ ಮಡಿಗೆ ಸೊಪ್ಪಿನ ಬೀಜ ಚೆಲ್ಲಬಹುದು. ನಮಸ್ಕಾರ.