ಕುಣಿಯುವವರೇ ಇಲ್ಲದ ಕೋಣೆಯಲ್ಲಿ ಬ್ಯಾಲೆ ಸಂಗೀತ

(ಪರದೆ ಕಪ್ಪು. ಹತ್ತು ಸೆಕೆಂಡು ಬರೀ ಪಿಟೀಲಿನ ದನಿ.)

ನಮಸ್ಕಾರ. ಈಗ ಕೇಳಿದ್ದು ರಷ್ಯಾದ ಸಂಗೀತ ರಚನೆಕಾರ ಚೈಕೋವ್‌ಸ್ಕಿಯವರ ‘ಸ್ವಾನ್ ಲೇಕ್’. ಬ್ಯಾಲೆಗೆ, ಅಂದರೆ ಯುರೋಪಿನ ನೃತ್ಯನಾಟಕಕ್ಕೆ, ಕುಣಿಯಲಿಕ್ಕೆಂದೇ ಬರೆದ ಸಂಗೀತ. ಆದರೆ ಇದನ್ನು ರೆಕಾರ್ಡ್ ಮಾಡುವಾಗ ಕುಣಿಯುವವರು ಒಬ್ಬರೂ ಎದುರಿಗಿರಲಿಲ್ಲ. ಹಾಗಾದರೆ ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಯಾರನ್ನು ನೋಡಿ ಕೋಲು ಆಡಿಸಿದರು?

(ದೃಶ್ಯ: ರಂಗದ ಮುಂದಿನ ತಗ್ಗಿನಲ್ಲಿ ವಾದ್ಯವೃಂದ.)

ಥಿಯೇಟರಿನಲ್ಲಿ ವಾದ್ಯದವರು ಕೂರುವುದು ಈ ತಗ್ಗಿನಲ್ಲಿ. ರಂಗದ ಮೇಲೆ ಏನು ನಡೆಯುತ್ತಿದೆ ಅಂತ ನೋಡಿಕೊಂಡು ನಡೆಸುವ ಕೆಲಸ ಕಂಡಕ್ಟರ್‌ದು. ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಭಾಗವತರ ಕಣ್ಣೂ ವೇಷದ ಹೆಜ್ಜೆ ಮೇಲೇ ಇರುತ್ತದೆ ಅಲ್ವಾ? ಎತ್ತರಕ್ಕೆ ನೆಗೆದವರು ಕೆಳಗಿಳಿಯಲು ಜಾಸ್ತಿ ಹೊತ್ತು ಬೇಕು. ತಾಳ ಅವರಿಗಾಗಿ ಕಾಯಬೇಕು. ಸ್ವಾನ್ ಲೇಕ್‌ನಲ್ಲಿ ನರ್ತಕಿ ಒಂದೇ ಕಾಲ ಮೇಲೆ 32 ಸುತ್ತು ತಿರುಗುವ ಜಾಗವಿದೆ. ಅಲ್ಲಿ ಲಯ ಸ್ವಲ್ಪ ಎಳೆದರೂ ಆಕೆಯ ಕಥೆ ಮುಗಿಯಿತು.

ಇದರ ಕಷ್ಟ ಫ್ರೆಂಚ್ ಕಂಡಕ್ಟರ್ ಪಿಯರ್ ಮೊಂಟೊಗೆ ಚೆನ್ನಾಗಿ ಗೊತ್ತಿತ್ತು. 1913ರ ಮೇ 29, ಪ್ಯಾರಿಸ್. ಸ್ಟ್ರಾವಿನ್‌ಸ್ಕಿಯವರ ‘ರೈಟ್ ಆಫ್ ಸ್ಪ್ರಿಂಗ್’ ಬ್ಯಾಲೆಯ ಮೊದಲ ಪ್ರದರ್ಶನ. ಜನರ ಗಲಾಟೆ ಎಷ್ಟಿತ್ತೆಂದರೆ ಕುಣಿಯುವವರಿಗೆ ಸಂಗೀತವೇ ಕೇಳಿಸಲಿಲ್ಲ. ನೃತ್ಯ ಕಟ್ಟಿದ ನಿಜಿನ್‌ಸ್ಕಿ ಪಕ್ಕದ ಪರದೆ ಹಿಂದೆ ಕುರ್ಚಿ ಹತ್ತಿ ನಿಂತು ಎಣಿಕೆ ಕೂಗುತ್ತಿದ್ದರು. ಮೊಂಟೊ ಮಾತ್ರ ನಿಲ್ಲಿಸಲೇ ಇಲ್ಲ, ಕೊನೆಯವರೆಗೂ ನುಡಿಸಿದರು. ಮಜಾ ಏನೆಂದರೆ ಆ ಸಂಗೀತ ಅವರಿಗೇ ಅಷ್ಟಾಗಿ ಹಿಡಿಸಿರಲಿಲ್ಲ! ಮರುವರ್ಷ ಕುಣಿತವಿಲ್ಲದೆ ಬರೀ ಕಛೇರಿಯಾಗಿ ನುಡಿಸಿದಾಗ ಅದೇ ಪ್ಯಾರಿಸ್ ಚಪ್ಪಾಳೆ ತಟ್ಟಿತು. 1929ರಲ್ಲಿ ಅವರು ಅದನ್ನು ರೆಕಾರ್ಡ್ ಕೂಡ ಮಾಡಿದರು.

(ದೃಶ್ಯ: ತಿರುಗುತ್ತಿರುವ ಹಳೆಯ ಪ್ಲೇಟು.)

ಆಗಿನ ಪ್ಲೇಟಿನಲ್ಲಿ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ, ಅಷ್ಟೇ. ಹಾಗಾಗಿ ಜನಕ್ಕೆ ಸಿಕ್ಕಿದ್ದು ಹೆಚ್ಚಾಗಿ ಆಯ್ದ ತುಣುಕುಗಳು. 1948ರಲ್ಲಿ ಜಾಸ್ತಿ ಹೊತ್ತು ಓಡುವ ಪ್ಲೇಟು, ಎಲ್‌ಪಿ ಬಂತು. ಅದಾದ ಮೇಲೆ, 1953ರಿಂದ 1955ರ ನಡುವೆ, ಕಂಡಕ್ಟರ್ ಅಂಟಾಲ್ ಡೊರಾಟಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಚೈಕೋವ್‌ಸ್ಕಿಯವರ ಮೂರೂ ಬ್ಯಾಲೆಗಳನ್ನು ರೆಕಾರ್ಡ್ ಮಾಡಿದರು. ಬ್ಯಾಲೆ ತಂಡಗಳ ಜೊತೆ ವರ್ಷಗಟ್ಟಲೆ ದುಡಿದವರು ಅವರು. ಆದರೂ ಆ ರೆಕಾರ್ಡಿಂಗ್ ಕೇಳಿದರೆ ನನಗಂತೂ ಕಾಣುವುದು ಕಟ್ಟು ಬಿಚ್ಚಿದ ಕುದುರೆ. ಯಾರಿಗೂ ಕಾಯದೆ ಓಡುತ್ತದೆ. ನನಗೆ ಅದೇ ಇಷ್ಟ.

ಜಾನ್ ಲಾಂಚ್‌ಬೆರಿಯವರ ದಾರಿ ಬೇರೆ. ಲಂಡನ್‌ನ ರಾಯಲ್ ಬ್ಯಾಲೆಯಲ್ಲಿ ಮುಖ್ಯ ಕಂಡಕ್ಟರ್ ಆಗಿದ್ದವರು. ಸ್ಟುಡಿಯೋದಲ್ಲೂ ಎದುರಿಗೆ ಯಾರೋ ಕುಣಿಯುತ್ತಿದ್ದಾರೆ ಅನ್ನುವ ಹಾಗೆ ನಡೆಸುತ್ತಿದ್ದರು. ಈ ಮೂರು ಬ್ಯಾಲೆಗಳನ್ನು ಅವರು ರೆಕಾರ್ಡ್ ಮಾಡಿದ್ದು ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ. 1945ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಈ ತಂಡಕ್ಕೆ ಮೊದಮೊದಲ ವರ್ಷಗಳಲ್ಲಿ ಹಣಕೊಟ್ಟು ನೆರವಾದವರಲ್ಲಿ ಒಬ್ಬರು ಯಾರು ಗೊತ್ತಾ? ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್.

ಈಗ ಒಂದೇ ವಾಲ್ಟ್ಸ್ (ಮೂರೆಣಿಕೆಯ ಕುಣಿತದ ಸಂಗೀತ) ಎರಡು ಸಲ ಹಾಕುತ್ತೇನೆ. ಮೊದಲು ಡೊರಾಟಿ, ಆಮೇಲೆ ಲಾಂಚ್‌ಬೆರಿ. ಸುಮ್ನೆ ಕಾಲಲ್ಲಿ ತಾಳ ಹಾಕಿ ನೋಡಿ.

(ಸಂಗೀತ.)