ಕುಡಿತ ಬಿಡಿಸುವಲ್ಲಿ ಊಟದ ಪಾಲು

ಎಲ್ಲರಿಗೂ ನಮಸ್ಕಾರ. ಕುಡಿತ ಬಿಡಬೇಕು ಅಂತ ಮನಸ್ಸು ಮಾಡಿ ಬಂದವರು ಇಲ್ಲಿದ್ದೀರಿ. ಅವರ ಜೊತೆ ಅಮ್ಮಂದಿರು, ಹೆಂಡತಿಯರು, ಅಕ್ಕ-ತಂಗಿಯರೂ ಬಂದಿದ್ದೀರಿ. ನನ್ನ ಕೆಲಸ ರೋಗಿಗಳ ಊಟ-ಪಥ್ಯ ನೋಡುವುದು. "ಮೇಡಂ, ಏನು ತಿನ್ನಿಸಿದರೆ ಇವರು ಕುಡಿಯೋದು ಬಿಡ್ತಾರೆ?" ಅಂತ ಹೋದಲ್ಲೆಲ್ಲಾ ಕೇಳುತ್ತಾರೆ. ತಿನ್ನಿಸಿ ಚಟ ಬಿಡಿಸುವಂಥ ಪದಾರ್ಥ ಯಾವುದೂ ಇಲ್ಲ. ಆದರೆ ಬಿಟ್ಟವರ ಮೆದುಳು, ನರ, ಲಿವರ್ ಸುಧಾರಿಸಬೇಕು ಅಂದ್ರೆ ಊಟ ಬೇಕೇ ಬೇಕು. ಚಿಕಿತ್ಸೆಯ ಜೊತೆಗೆ ಬೇಕು, ಚಿಕಿತ್ಸೆಯ ಬದಲಿಗೆ ಅಲ್ಲ.

ದಿನಾ ಕುಡಿಯುವವರ ಊಟ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸುತ್ತದೆ, ತಿಂಡಿ ಬೇಡ. ಆಮೇಲೆ ಒಂದು ಟೀ, ಒಂದು ಬೀಡಿ. ಸಂಜೆ ಕ್ವಾರ್ಟರ್ ಜೊತೆ ಖಾರದ ಕಡಲೆಬೀಜ, ಒಂಚೂರು ಉಪ್ಪಿನಕಾಯಿ. ರಾತ್ರಿ ನೀವು ಮುಚ್ಚಿಟ್ಟ ಅನ್ನ ಬೆಳಗಾದರೂ ಹಾಗೇ ಇರುತ್ತದೆ. ಒಂದು ಗ್ರಾಂ ಆಲ್ಕೋಹಾಲಿನಲ್ಲಿ 7 ಕ್ಯಾಲೊರಿ ಇದೆ. ಅದರಿಂದ ಹಸಿವು ಸತ್ತುಹೋಗುತ್ತದೆ, ಮೈಗೆ ಮಾತ್ರ ಬೇಕಾದದ್ದೇನೂ ಸಿಗುವುದಿಲ್ಲ.

ಹೀಗೆ ಖಾಲಿಯಾಗುವುದರಲ್ಲಿ ತುಂಬಾ ಮುಖ್ಯವಾದದ್ದು ಥಯಾಮಿನ್, ಅಂದರೆ ವಿಟಮಿನ್ ಬಿ1. ದಿನಕ್ಕೆ ಬೇಕಾಗುವುದು ಒಂದೂವರೆ ಮಿಲಿಗ್ರಾಂನಷ್ಟೇ. ಅಷ್ಟೂ ಸಿಗದಿದ್ದರೆ ಕೆಲವೇ ವಾರಗಳಲ್ಲಿ ಮೈಯಲ್ಲಿರುವ ದಾಸ್ತಾನು ಮುಗಿಯುತ್ತದೆ. ತಿಂದದ್ದರಲ್ಲಿ ಸ್ವಲ್ಪ ಇದ್ದರೂ ಮದ್ಯ ಅದನ್ನು ಕರುಳಿನಲ್ಲಿ ಹೀರಿಕೊಳ್ಳಲು ಬಿಡುವುದಿಲ್ಲ. ಸಕ್ಕರೆ ಅಂಶವನ್ನು ಶಕ್ತಿ ಮಾಡಿಕೊಳ್ಳಲು ಮೆದುಳಿಗೆ ಈ ಬಿ1 ಬೇಕು. ಅದಿಲ್ಲದಿದ್ದರೆ ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ಒಂದು ಎರಡಾಗಿ ಕಾಣುತ್ತದೆ, ಮಾತು ತಾಳೆಯಾಗುವುದಿಲ್ಲ. ಮನೆಯವರು ಏನು ಅಂದುಕೊಳ್ಳುತ್ತಾರೆ? "ಮತ್ತೆ ಕುಡಿದು ಬಂದ" ಅಂತ ಬೈದು ಹೊರಗಿನ ಜಗಲಿಯಲ್ಲಿ ಮಲಗಿಸುತ್ತಾರೆ. ಅವನು ಆ ದಿನ ಹನಿಯೂ ಮುಟ್ಟಿರದೇ ಇರಬಹುದು. ಇದಕ್ಕೆ ವೆರ್ನಿಕೆ ಕಾಯಿಲೆ ಅನ್ನುತ್ತಾರೆ. ಆಗಲೇ ಬಿ1 ಇಂಜೆಕ್ಷನ್ ಕೊಟ್ಟರೆ ಮನುಷ್ಯ ಸುಧಾರಿಸಬಹುದು. ತಡವಾದರೆ ನೆನಪು ಶಾಶ್ವತವಾಗಿ ಹೋಗುವ ಕೋರ್ಸಕಾಫ್ ಸ್ಥಿತಿಗೆ ಬರುತ್ತಾನೆ. ಬೆಳಿಗ್ಗೆ ಏನು ತಿಂದೆ ಅಂತ ಕೇಳಿದರೆ ಇಲ್ಲದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಅದು ಸುಳ್ಳಲ್ಲ ತಾಯಂದಿರೇ, ಖಾಲಿ ಜಾಗವನ್ನು ಮೆದುಳು ತಾನೇ ತುಂಬಿಕೊಳ್ಳುತ್ತಿರುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಸುಸ್ತಾಗಿ ಬಿದ್ದವನನ್ನು ಕರೆದುಕೊಂಡು ಹೋಗಿ "ಒಂದು ಬಾಟಲಿ ಗ್ಲೂಕೋಸ್ ಏರಿಸಿಬಿಡಿ" ಅಂತ ಕೇಳುವುದು ನಮ್ಮಲ್ಲಿ ರೂಢಿ. ಬಿ1 ಇಲ್ಲದ ಮೈಗೆ ಬರೀ ಗ್ಲೂಕೋಸ್ ಹೋದರೆ, ಉಳಿದ ಅಷ್ಟಿಷ್ಟು ಬಿ1 ಕೂಡ ಅದನ್ನು ಕರಗಿಸುವುದರಲ್ಲೇ ಮುಗಿದು ಈ ಕಾಯಿಲೆ ಒಮ್ಮೆಲೇ ಕೆರಳಬಹುದು. ಹಾಗಾಗಿ "ಇವರು ದಿನಾ ಕುಡಿಯುತ್ತಾರೆ, ಸರಿಯಾಗಿ ಊಟ ಮಾಡಿಲ್ಲ" ಅಂತ ಡಾಕ್ಟರಿಗೆ ಮೊದಲೇ ಹೇಳಿ. ನಾಚಿಕೆಪಟ್ಟು ಮುಚ್ಚಿಡಬೇಡಿ. ಗೊತ್ತಾದರೆ ಅವರು ಗ್ಲೂಕೋಸ್ ಜೊತೆಗೇ, ಇಲ್ಲ ಅದಕ್ಕೂ ಮೊದಲೇ ಥಯಾಮಿನ್ ಕೊಡುತ್ತಾರೆ.

ಇನ್ನೊಂದು ಮಾತು. ದೇವರ ಮುಂದೆ ಆಣೆ ಮಾಡಿ, ಮಾಲೆ ಹಾಕಿಕೊಂಡು ದಿಢೀರ್ ಅಂತ ಬಿಡುವವರಿದ್ದಾರೆ. ಅವರ ಸಂಕಲ್ಪಕ್ಕೆ ಕೈಮುಗಿಯುತ್ತೇನೆ. ಆದರೆ ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿದ ಹಾಗಾಗಿ, ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣಬಹುದು. ಇದರಿಂದ ಪ್ರಾಣವೂ ಹೋಗಬಹುದು. ನಿಂಬೆರಸ, ಮಜ್ಜಿಗೆ, ಎಳನೀರು ಇದನ್ನು ತಡೆಯುವುದಿಲ್ಲ. ಈ ದಿನಗಳನ್ನು ಡಾಕ್ಟರ ಕಣ್ಣೆದುರು, ಮಾತ್ರೆಯ ಆಸರೆಯಲ್ಲಿ ದಾಟಬೇಕು.

ದಾಟಿದ ಮೇಲೆ ಅಡುಗೆಮನೆಯ ಕೆಲಸ ಶುರು. ವಾರಗಟ್ಟಲೆ ಉಪವಾಸ ಇದ್ದವರಿಗೆ ಮೊದಲ ದಿನವೇ ಹೊಟ್ಟೆ ಬಿರಿಯುವಷ್ಟು ಬಡಿಸಬೇಡಿ, ಅದೂ ಅಪಾಯ. ಎರಡು-ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಕುಚ್ಚಲಕ್ಕಿ ಗಂಜಿ ಒಳ್ಳೆಯದು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವುದರಿಂದ ತೌಡಿನಲ್ಲಿರುವ ಬಿ1 ಸ್ವಲ್ಪ ಕಾಳಿನೊಳಕ್ಕೇ ಇಳಿದಿರುತ್ತದೆ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಅದು ಹೊರಟುಹೋಗಿರುತ್ತದೆ. ಅನ್ನ ಬಸಿದ ತಿಳಿಯನ್ನು ಚೆಲ್ಲಬೇಡಿ, ಬಿ1 ನೀರಿಗೆ ಇಳಿಯುತ್ತದೆ. ಬೇಳೆ ಬೇಗ ಬೇಯಲಿ ಅಂತ ಸೋಡಾ ಹಾಕಬೇಡಿ, ಸೋಡಾ ಅದನ್ನು ಹಾಳುಮಾಡುತ್ತದೆ. ರಾಗಿ, ಹೆಸರುಕಾಳು, ಶೇಂಗಾ, ಸೊಪ್ಪು, ಮೊಟ್ಟೆ, ಮೀನು ಯಾವುದು ಕೈಗೆಟುಕುತ್ತದೋ ಅದು ಇರಲಿ. ರಾಗಿ, ಸೊಪ್ಪಿನಲ್ಲಿರುವ ಮೆಗ್ನೀಸಿಯಂ ಕೂಡ ಬೇಕು, ಅದಿಲ್ಲದೆ ಬಿ1 ಕೆಲಸ ಮಾಡುವುದಿಲ್ಲ. ಊಟದ ಹಿಂದೆಯೇ ಟೀ, ಎಲೆ-ಅಡಿಕೆ ಬೇಡ, ಅವೂ ಬಿ1ಗೆ ಅಡ್ಡಿ. ಹಾಗಂತ ಡಾಕ್ಟರ್ ಬರೆದುಕೊಟ್ಟ ಥಯಾಮಿನ್ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಅಷ್ಟು ದೊಡ್ಡ ಕೊರತೆಯನ್ನು ಊಟವೊಂದೇ ತುಂಬಲಾರದು.

ಕಾಮಾಲೆ ಇದೆ ಅಂತ ಬೇಳೆ, ಮೊಟ್ಟೆ ಎಲ್ಲಾ ನಿಲ್ಲಿಸಿ ಬರೀ ಗಂಜಿ ಕುಡಿಸುವ ಮನೆಗಳನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಸೋತ ಲಿವರಿನವರ ಸ್ನಾಯು ಕರಗುತ್ತಿರುತ್ತದೆ. ಅವರಿಗೆ ಪ್ರೋಟೀನ್ ಜಾಸ್ತಿಯೇ ಬೇಕು. ರಾತ್ರಿ ಮಲಗುವ ಮುಂಚೆಯೂ ಏನಾದರೂ ತಿನ್ನಬೇಕು.

ಅನ್ನದಲ್ಲಿ ಗುಟ್ಟಾಗಿ ಬೆರೆಸುವ ಪುಡಿಗಳಿಂದ ದೂರವಿರಿ. ಒಳಗೆ ಏನಿದೆ ಅಂತ ಯಾರಿಗೆ ಗೊತ್ತು? ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಅನ್ನುವ ಔಷಧಿ ಇದ್ದರೆ, ತಿಳಿಯದೆ ಅದರ ಮೇಲೆ ಕುಡಿದವರಿಗೆ ವಾಂತಿ, ಎದೆಬಡಿತ ಶುರುವಾಗಿ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಡಾಕ್ಟರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ.

ವಿಟಮಿನ್ ಜಾಸ್ತಿ ನುಂಗಿದರೆ ಚಟವೇ ಹೋಗುತ್ತದೆ ಅನ್ನುವ ನಂಬಿಕೆಯೂ ಇದೆ. 1935ರಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಗುಂಪು, ಶುರುಮಾಡಿದ ಇಬ್ಬರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಕೂಡ 1960ರ ದಶಕದಲ್ಲಿ ಬಿ3 ಅಂದರೆ ನಯಾಸಿನ್ ಪರವಾಗಿ ಪ್ರಚಾರ ಮಾಡಿದರು. ಅವರ ಕಾಳಜಿ ದೊಡ್ಡದು. ಆದರೆ ಅದರಿಂದ ಚಟ ಬಿಡುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಅತಿಯಾದ ನಯಾಸಿನ್ ಲಿವರಿಗೇ ಪೆಟ್ಟು. ಅದಕ್ಕಿಂತ ಅಂಥ ಗುಂಪುಗಳಲ್ಲಿ ಹೇಳುವ ಇನ್ನೊಂದು ಮಾತು ನನಗೆ ಹಿಡಿಸುತ್ತದೆ: ಹಸಿವು, ಕೋಪ, ಒಂಟಿತನ, ದಣಿವು, ಈ ನಾಲ್ಕು ಬಂದಾಗ ಎಚ್ಚರ. ಇದರಲ್ಲಿ ಹಸಿವಿಗೆ ಇವತ್ತೇ ಮನೆಯಲ್ಲಿ ದಾರಿ ಮಾಡಬಹುದು. ಸಂಜೆ ಆರಕ್ಕೆ ಕಾಲು ಅಂಗಡಿ ಕಡೆ ಎಳೆಯುತ್ತದಾ? ಐದೂವರೆಗೇ ಉಸಲಿಯೋ ರಾಗಿ ರೊಟ್ಟಿಯೋ ತಿಂದುಬಿಡಿ.

ಯಾರನ್ನು ಕೇಳಬೇಕು ಅಂತ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆಯೂ ಇರುತ್ತದೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಎಲ್ಲರ ಮುಂದೆ ಕೇಳಲು ಸಂಕೋಚವಾದರೆ ಆಮೇಲೆ ಇಲ್ಲೇ ಕೂತಿರುತ್ತೇನೆ, ಬನ್ನಿ.