ಕೆಲಸದ ವಾರದೊಳಗೊಂದು ಓಟದ ವಾರ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಬಹುತೇಕರು ಬೆಳಿಗ್ಗೆ ಓಡಿ, ಸ್ನಾನ ಮುಗಿಸಿ, ಕೆಲಸಕ್ಕೆ ಹೋಗಿ, ರಾತ್ರಿ ದಣಿದು ಮನೆ ಸೇರುವವರು. ಪುಸ್ತಕದಲ್ಲೋ ಆ್ಯಪ್‌ನಲ್ಲೋ ಸಿಗುವ ತರಬೇತಿ ಪಟ್ಟಿಯನ್ನು ಬರೆದವರು ನಿಮ್ಮ ಈ ದಿನಚರಿ ನೋಡಿರುವುದಿಲ್ಲ. ಅದರಲ್ಲಿ ವಾರಕ್ಕೆ ಏಳು ಚೌಕಗಳು, ಚೌಕಕ್ಕೊಂದು ಓಟ. ಬುಧವಾರದ ಮೀಟಿಂಗ್ ರಾತ್ರಿ 9ರ ತನಕ ಎಳೆದರೆ ಯಾವ ಚೌಕವನ್ನು ಅಳಿಸಬೇಕು, ಉಳಿದವುಗಳನ್ನು ಹೇಗೆ ಬದಲಿಸಬೇಕು ಎಂಬ ಮಾತು ಅಲ್ಲಿರುವುದಿಲ್ಲ. ಇವತ್ತು ನಾನು ಹೇಳಹೊರಟಿರುವುದು ಮುಖ್ಯವಾಗಿ ಅದನ್ನೇ. ದುಡಿಯುವವರ ವಾರ ಮುರಿಯುತ್ತಲೇ ಇರುತ್ತದೆ. ಮುರಿದರೂ ನಿಲ್ಲುವ ಹಾಗೆ ಅದನ್ನು ಮೊದಲೇ ಕಟ್ಟಿಕೊಳ್ಳಬೇಕು.

ಕೆಲಸದ ಜೊತೆಗೇ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಎರಡು ಹೆಸರು ನೆನೆಯೋಣ. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ ರೋಜರ್ ಬ್ಯಾನಿಸ್ಟರ್ ಆಗ ವೈದ್ಯಕೀಯ ವಿದ್ಯಾರ್ಥಿ. ಮಧ್ಯಾಹ್ನದ ಬಿಡುವಿನಲ್ಲಿ ಅವರ ಅಭ್ಯಾಸ ನಡೆಯುತ್ತಿತ್ತು. 2018ರ ಬಾಸ್ಟನ್ ಮ್ಯಾರಥಾನನ್ನು ಚಳಿ, ಮಳೆ, ಎದುರುಗಾಳಿಯ ನಡುವೆ 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಗೆದ್ದ ಜಪಾನಿನ ಯೂಕಿ ಕವಾಉಚಿ ಆಗ ಸೈತಾಮ ಪ್ರಾಂತ್ಯ ಸರ್ಕಾರದ ಪೂರ್ಣಾವಧಿ ನೌಕರರು. ವೃತ್ತಿಪರ ಓಟಗಾರರು ದಿನಕ್ಕೆ ಎರಡು ಸಲ ಓಡುವಾಗ ಇವರು ಸಾಮಾನ್ಯವಾಗಿ ಒಂದೇ ಸಲ ಓಡುತ್ತಿದ್ದರು, ಅದರಲ್ಲೂ ಹೆಚ್ಚಿನವು ನಿಧಾನದ ಓಟಗಳೇ. ಅವರ ಪ್ರತಿಭೆ ನಮಗೆ ಎರವಲು ಸಿಗುವುದಿಲ್ಲ. ಆದರೆ ಕಡಿಮೆ ಓಟವನ್ನು ವಾರದೊಳಗೆ ಜೋಡಿಸಿದ ರೀತಿಯನ್ನು ಯಾರು ಬೇಕಾದರೂ ಕಲಿಯಬಹುದು.

ಮೊದಲು ಒಂದು ವಾರವನ್ನು ಮುಂದಿಟ್ಟುಕೊಳ್ಳೋಣ. ಹತ್ತು ಕಿಲೋಮೀಟರನ್ನು ಸುಮಾರು 60 ನಿಮಿಷದಲ್ಲಿ ಓಡುವ, ಹಾಫ್ ಮ್ಯಾರಥಾನ್ ಗುರಿಯಿಟ್ಟುಕೊಂಡ ಒಬ್ಬರು. ಅವರಿಗೆ ವಾರಕ್ಕೆ ನಾಲ್ಕು ಓಟ: ಮಂಗಳವಾರ 55 ನಿಮಿಷದ ಕಠಿಣ ಓಟ, ಗುರುವಾರ 40 ನಿಮಿಷ ನಿಧಾನ, ಶನಿವಾರ 35 ನಿಮಿಷ ನಿಧಾನ, ಭಾನುವಾರ 90 ನಿಮಿಷದ ಲಾಂಗ್ ರನ್. ಒಟ್ಟು 220 ನಿಮಿಷ. ಇದರಲ್ಲಿ ಮಂಗಳವಾರ ಮತ್ತು ಭಾನುವಾರ ಎರಡು ಕಂಬಗಳು, ಉಳಿದೆರಡು ಅವುಗಳ ನಡುವಿನ ತೊಲೆಗಳು. ಕಂಬಗಳ ನಡುವೆ ಕನಿಷ್ಠ 48 ಗಂಟೆ ಅಂತರ ಇರಲೇಬೇಕು. ವಾರ ಎಷ್ಟೇ ಕಲಸಿಹೋದರೂ ಈ ಅಂತರವನ್ನು ಮಾತ್ರ ಕಾಯ್ದುಕೊಳ್ಳಿ.

ಕಿಲೋಮೀಟರ್ ಬಿಟ್ಟು ನಿಮಿಷದ ಲೆಕ್ಕ ಏಕೆ ಎಂದು ಕೇಳಬಹುದು. ಕ್ಯಾಲೆಂಡರಿನಲ್ಲಿ ನಿಮಗೆ ಸಿಗುವುದು ನಿಮಿಷಗಳು. ಎಂಟು ಕಿಲೋಮೀಟರ್ ಎಂದು ಬರೆದುಕೊಂಡವರು 7:30ಕ್ಕೆ ಮನೆ ಬಿಡಬೇಕಾದ ದಿನ ಅದನ್ನು ಮುಗಿಸಲು ವೇಗ ಹೆಚ್ಚಿಸುತ್ತಾರೆ. ನಿಧಾನದ ಓಟ ಅಲ್ಲಿಗೆ ಕೆಟ್ಟಿತು. 40 ನಿಮಿಷ ಎಂದು ಬರೆದುಕೊಂಡವರು ದಣಿದ ದಿನ ತಾನಾಗಿಯೇ ಕಡಿಮೆ ದೂರ ಓಡುತ್ತಾರೆ. ಇನ್ನೊಂದು ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕಿಕೊಳ್ಳಿ. ಬಟ್ಟೆ ಬದಲಿಸುವುದು, ಓಡುವ ಜಾಗಕ್ಕೆ ಹೋಗಿ ಬರುವುದು, ಬೆವರು ಆರಿಸಿಕೊಂಡು ಸ್ನಾನ ಮಾಡುವುದು ಎಲ್ಲ ಸೇರಿದರೆ 45 ನಿಮಿಷದ ಓಟಕ್ಕೆ ಸುಲಭವಾಗಿ 75 ನಿಮಿಷ ಬೇಕು. ಈ ಅರ್ಧ ಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರ ಯೋಜನೆ ಎರಡನೇ ವಾರಕ್ಕೇ ಕುಸಿಯುತ್ತದೆ.

ಈಗ ನಿಧಾನದ ಓಟ. ಹವ್ಯಾಸಿಗಳು ಅತಿ ಹೆಚ್ಚು ಎಡವುವುದು ಇಲ್ಲೇ. ನಮ್ಮ ಈ ಓಟಗಾರರ ಹತ್ತು ಕಿಲೋಮೀಟರಿನ ವೇಗ ಕಿಲೋಮೀಟರಿಗೆ 6 ನಿಮಿಷ. ಅವರ ನಿಧಾನದ ಓಟ ಕಿಲೋಮೀಟರಿಗೆ 7ರಿಂದ 7:30 ನಿಮಿಷದಲ್ಲಿರಬೇಕು, ಬಿಸಿಲಿದ್ದರೆ ಇನ್ನೂ ನಿಧಾನ. ಪಕ್ಕದವರೊಡನೆ ತುಂಡಾಗದ ವಾಕ್ಯಗಳಲ್ಲಿ ಮಾತಾಡಲು ಆದರೆ ವೇಗ ಸರಿಯಿದೆ ಎಂದರ್ಥ. ವಾಕ್ಯದ ನಡುವೆಯೇ ಉಸಿರೆಳೆದುಕೊಳ್ಳುತ್ತಿದ್ದರೆ ಅದು ಮಧ್ಯಮ ವೇಗ, ಮತ್ತು ಅದೇ ಅಪಾಯದ ಜಾಗ. ಮರುದಿನದ ಕಾಲುಗಳನ್ನು ದಣಿಸುವಷ್ಟು ಅದು ಕಠಿಣ, ಆದರೆ ವೇಗ ಬೆಳೆಸುವಷ್ಟಲ್ಲ. ಬಿಡುವು ಕಡಿಮೆ ಇರುವವರು ಸಿಕ್ಕ ಸಮಯ ಪೂರ್ತಿ ಬಳಸಿಕೊಳ್ಳೋಣ ಎಂಬ ಆಸೆಗೆ ನಾಲ್ಕೂ ದಿನ ಈ ಮಧ್ಯಮ ವೇಗಕ್ಕೆ ಜಾರುತ್ತಾರೆ. ಆರು ತಿಂಗಳಾದರೂ ಸಮಯ ಸುಧಾರಿಸಲಿಲ್ಲ ಎನ್ನುವವರ ದಾಖಲೆ ತೆರೆದು ನೋಡಿ, ಹೆಚ್ಚಾಗಿ ನಾಲ್ಕೂ ಓಟಗಳ ವೇಗ ಒಂದೇ ಆಗಿರುತ್ತದೆ.

ಇದಕ್ಕೆ ಗಡಿಯಾರದ ನಾಡಿ ಬಡಿತವನ್ನೇ ನಂಬಬೇಡಿ. 220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಕಂಡುಕೊಳ್ಳುವ ಸೂತ್ರ ಒಬ್ಬೊಬ್ಬರಿಗೆ 10-12 ಬಡಿತ ಆಚೀಚೆ ಆಗುವುದು ಮಾಮೂಲು. ಮಣಿಕಟ್ಟಿನ ಸೆನ್ಸರ್ ಕೆಲವೊಮ್ಮೆ ನಾಡಿಯನ್ನು ಬಿಟ್ಟು ಹೆಜ್ಜೆಗಳನ್ನೇ ಎಣಿಸತೊಡಗುತ್ತದೆ. ಹಾಯಾಗಿ ಓಡುತ್ತಿರುವಾಗ ಬಡಿತ ಥಟ್ಟನೆ 170 ಎಂದು ತೋರಿಸಿ ಅಲ್ಲೇ ನಿಂತರೆ ಪಟ್ಟಿಯನ್ನು ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ ಬಿಗಿ ಮಾಡಿ. ಎದೆಗೆ ಕಟ್ಟುವ ಪಟ್ಟಿಯಲ್ಲಿ ಈ ತೊಂದರೆ ಬಹಳ ಕಡಿಮೆ.

ಮಂಗಳವಾರದ ಕಠಿಣ ಓಟ ಹೀಗೆ ಸಾಗಲಿ. 15 ನಿಮಿಷ ನಿಧಾನ ಓಟ, ನಂತರ 20 ಸೆಕೆಂಡಿನ ಚುರುಕು ಓಟ ನಾಲ್ಕು ಸಲ, ನಡುನಡುವೆ ಒಂದು ನಿಮಿಷ ನಡಿಗೆ. ಆಮೇಲೆ 8 ನಿಮಿಷದ ಮೂರು ಸುತ್ತು, ಸುತ್ತುಗಳ ನಡುವೆ 2 ನಿಮಿಷ ಜಾಗಿಂಗ್. ಕೊನೆಗೆ 7-8 ನಿಮಿಷ ನಿಧಾನ. ಸುತ್ತಿನ ವೇಗ ಎಂದರೆ ಒಂದು ಗಂಟೆ ಕಾಲ ಹಿಡಿದಿಡಬಹುದಾದ ವೇಗ. ನಮ್ಮ ಓಟಗಾರರಿಗೆ ಅದು ಕಿಲೋಮೀಟರಿಗೆ 6:00ರಿಂದ 6:05. ಮೂರನೇ ಸುತ್ತು ಮೊದಲನೆಯದಷ್ಟೇ ವೇಗದಲ್ಲಿ ಮುಗಿದು, ಇನ್ನೊಂದು ಸುತ್ತು ಓಡಬಹುದಿತ್ತು ಅನ್ನಿಸಬೇಕು. ಮೊದಲ ಸುತ್ತನ್ನೇ 5:40ಕ್ಕೆ ಓಡಿ ಮೂರನೆಯದರಲ್ಲಿ ಬಿದ್ದುಹೋದರೆ ಆ ದಿನದ ಉದ್ದೇಶ ಹಾಳಾಯಿತು, ಜೊತೆಗೆ ಗುರುವಾರದ ಕಾಲುಗಳೂ ಹೋದವು. ಮೂರು ವಾರದ ಬಳಿಕ ಇದನ್ನು 12 ನಿಮಿಷದ ಎರಡು ಸುತ್ತಾಗಿಸಿ, ಆಮೇಲೆ ಒಂದೇ ಏಟಿಗೆ 20 ನಿಮಿಷ.

ಬೆಳಗಿನ ಜಾವ ದೇಹದ ಉಷ್ಣತೆ ಕಡಿಮೆ, ಕೀಲುಗಳು ಬಿಗಿ. ಹಾಗಾಗಿ ಎದ್ದ ಅರ್ಧ ಗಂಟೆಯಲ್ಲೇ ಕಠಿಣ ಓಟ ಮಾಡುವವರು ಆ ಮೊದಲ 15 ನಿಮಿಷಕ್ಕೆ ಎಂದೂ ಕತ್ತರಿ ಹಾಕಬಾರದು. ಸಂಜೆ ಓಡುವವರ ತೊಂದರೆ ಬೇರೆ. ಎಂಟು ಗಂಟೆ ಕೂತ ಸೊಂಟ ಮತ್ತು ತೊಡೆಗಳು ಸಡಿಲಗೊಳ್ಳಲು ಐದು ನಿಮಿಷ ಬಿರುಸಾಗಿ ನಡೆಯಿರಿ, ಮತ್ತು ಮಲಗುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಓಟ ಮುಗಿದಿರಲಿ; ತಡವಾದ ಕಠಿಣ ಓಟ ನಿದ್ದೆಯನ್ನು ಹಿಂದಕ್ಕೆ ತಳ್ಳುತ್ತದೆ. ರಾತ್ರಿ ಪಾಳಿಯವರು ಪಾಳಿ ಮುಗಿಸಿ ಬಂದವರೇ ಓಡದೆ, ಮಲಗಿ ಎದ್ದ ಮೇಲೆ ಓಡುವುದು ಒಳ್ಳೆಯದು.

55 ನಿಮಿಷ ಇಲ್ಲ, 35 ಮಾತ್ರ ಇದೆ ಅನ್ನುವ ದಿನಕ್ಕೆ ಇದೇ ಓಟದ ಚಿಕ್ಕ ರೂಪವೊಂದು ಸಿದ್ಧವಿರಲಿ: 10 ನಿಮಿಷ ನಿಧಾನ, ಒಂದು ನಿಮಿಷ ಚುರುಕು ಒಂದು ನಿಮಿಷ ನಿಧಾನ ಎಂದು ಹತ್ತು ಸಲ, 5 ನಿಮಿಷ ನಿಧಾನ. ಅಳತೆ ಮಾಡಿದ ಟ್ರ್ಯಾಕ್ ಬೇಡ, ಯಾವ ರಸ್ತೆಯಾದರೂ ಸರಿ. ಸ್ವೀಡನ್ನಿನ ತರಬೇತುದಾರ ಗೋಸ್ಟಾ ಹೋಲ್ಮೆರ್ 1930ರ ದಶಕದಲ್ಲಿ ರೂಪಿಸಿದ, ಓಡುತ್ತಲೇ ವೇಗ ಏರಿಸಿ ಇಳಿಸುವ ಫಾರ್ಟ್‌ಲೆಕ್ ಪದ್ಧತಿಯ ಸರಳ ರೂಪ ಇದು.

ಭಾನುವಾರದ ಲಾಂಗ್ ರನ್ 90 ನಿಮಿಷದಿಂದ ಶುರುವಾಗಿ ವಾರಕ್ಕೆ 10 ನಿಮಿಷದಂತೆ ಎರಡು ವಾರ ಏರಲಿ, ಮೂರನೇ ವಾರ ಅಷ್ಟೇ ನಿಲ್ಲಲಿ, ನಾಲ್ಕನೇ ವಾರ 75ಕ್ಕೆ ಇಳಿಯಲಿ. ವೇಗ ನಿಧಾನವೇ. 90 ನಿಮಿಷ ದಾಟಿದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಅದನ್ನು ಸುಸ್ತಾದ ಮೇಲೆ ತೆಗೆದುಕೊಂಡರೆ ತಡವಾಯಿತು. 35-40ನೇ ನಿಮಿಷದಿಂದಲೇ ಸ್ವಲ್ಪಸ್ವಲ್ಪವಾಗಿ ತೆಗೆದುಕೊಳ್ಳಿ. ನೀರು ಬಾಯಾರಿಕೆಗೆ ತಕ್ಕಷ್ಟು ಸಾಕು. ಬೆವರಿದ್ದಕ್ಕಿಂತ ಹೆಚ್ಚು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದು ಪ್ರಾಣಕ್ಕೇ ಕುತ್ತು ತರಬಲ್ಲದು.

ಈಗ ವಾರ ಮುರಿಯಿತು ಎಂದುಕೊಳ್ಳಿ. ಬಿಡುವುದಕ್ಕೂ ಒಂದು ಕ್ರಮವಿದೆ. ಮೊದಲು ಶನಿವಾರದ ಓಟ ಬಿಡಿ. ಇನ್ನೂ ಸಮಯ ಸಾಲದಿದ್ದರೆ ಗುರುವಾರದ್ದನ್ನು 20 ನಿಮಿಷಕ್ಕೆ ಇಳಿಸಿ. 20 ನಿಮಿಷ ಓಡಿ ಏನು ಬಂತು ಎಂಬ ಮಾತಿಗೆ ಕಿವಿಗೊಡಬೇಡಿ, ಎರಡು ಕಂಬಗಳ ನಡುವೆ ಕಾಲುಗಳಿಗೆ ಓಟದ ರೂಢಿ ತಪ್ಪದಂತೆ ನೋಡಿಕೊಳ್ಳುವುದು ಅದೇ. ಅದಕ್ಕೂ ಮೀರಿದರೆ ಗುರುವಾರವನ್ನೂ ಬಿಡಿ. ಎರಡೇ ಓಟ ಉಳಿಯುವ ವಾರದಲ್ಲಿ ಅವು ಮಂಗಳವಾರದ ಓಟದ ಚಿಕ್ಕ ರೂಪ ಮತ್ತು ಲಾಂಗ್ ರನ್. ವೇಗವನ್ನು ಉಳಿಸಿಕೊಂಡರೆ ದಿನಗಳು ಕಡಿಮೆಯಾದರೂ ಕೆಲವು ವಾರ ಸಾಮರ್ಥ್ಯ ಹೆಚ್ಚು ಕುಗ್ಗುವುದಿಲ್ಲ. ಆದರೆ ಹಿಂದಿನ ರಾತ್ರಿ ಐದು ಗಂಟೆಯೂ ನಿದ್ದೆ ಬರದಿದ್ದರೆ ಕಠಿಣ ಓಟದ ದಿನವೇ ಆಗಿದ್ದರೂ ನಿಧಾನ ಓಡಿ, ಇಲ್ಲವೇ ಮಲಗಿ.

ತಪ್ಪಿದ ಓಟವನ್ನು ಸಾಲದಂತೆ ತೀರಿಸಲು ಹೋಗಬೇಡಿ. ದುಡಿಯುವ ಓಟಗಾರರ ಗಾಯಗಳ ಹಿಂದೆ ನನಗೆ ಮತ್ತೆ ಮತ್ತೆ ಕಾಣುವ ಕಾರಣ ಇದು. ಮಂಗಳವಾರ ತಪ್ಪಿತೆಂದು ಅದನ್ನು ಶನಿವಾರಕ್ಕೆ ತಂದು, ಮರುದಿನವೇ 110 ನಿಮಿಷ ಓಡಿದರೆ 48 ಗಂಟೆಯ ಅಂತರ ಹೋಯಿತು. ಬುಧವಾರಕ್ಕೆ ಸರಿಸಬಹುದು, ಗುರುವಾರಕ್ಕೂ ಸರಿಸಬಹುದು, ಅದರಾಚೆಗೆ ಬಿಟ್ಟುಬಿಡಿ. ಇನ್ನೊಂದು ಸೂಕ್ಷ್ಮವನ್ನು ಬಹಳ ಮಂದಿ ಗಮನಿಸುವುದಿಲ್ಲ. ವಾರದ ನಡುವಿನ ಓಟಗಳು ತಪ್ಪಿದಾಗ ಭಾನುವಾರದ್ದೂ ಚಿಕ್ಕದಾಗಬೇಕು. 220 ನಿಮಿಷದ ವಾರದಲ್ಲಿ 90 ನಿಮಿಷ ಎಂದರೆ ಶೇಕಡ 41. ನಾಲ್ಕು ದಿನ ಓಡುವವರಿಗೆ ಅದೇ ದೊಡ್ಡ ಪಾಲು. ಮಂಗಳವಾರ, ಗುರುವಾರ ಎರಡೂ ತಪ್ಪಿ 35 ನಿಮಿಷವಷ್ಟೇ ಓಡಿದ ಕಾಲುಗಳ ಮೇಲೆ ಭಾನುವಾರ 110 ನಿಮಿಷ ಹೇರಿದರೆ ವಾರದ ಮುಕ್ಕಾಲು ಭಾರ ಒಂದೇ ಬೆಳಿಗ್ಗೆ ಬಿದ್ದಂತಾಯಿತು. ಅಂಥ ವಾರ ಲಾಂಗ್ ರನ್ನನ್ನು ಮುಕ್ಕಾಲಿಗೆ, ಎಂದರೆ 80-85 ನಿಮಿಷಕ್ಕೆ ಇಳಿಸಿ.

ಒಂದು ವಾರ ಪೂರ್ತಿ ಓಡಲಾಗದಿದ್ದರೆ ಕಳೆದುಕೊಳ್ಳುವುದು ನಗಣ್ಯ. ಮುಂದಿನ ವಾರ ಶೇಕಡ 80ರಿಂದ ಶುರುಮಾಡಿ. ಎರಡು ಮೂರು ವಾರ ತಪ್ಪಿದರೆ ಅರ್ಧದಿಂದ ಶುರುಮಾಡಿ, ತಪ್ಪಿದಷ್ಟೇ ವಾರಗಳಲ್ಲಿ ಹಳೆಯ ಮಟ್ಟಕ್ಕೆ ಬನ್ನಿ. ಜ್ವರವಿದ್ದಾಗ ಓಟವೇ ಬೇಡ.

ಈ ಎಚ್ಚರಿಕೆಯ ಹಿಂದಿರುವ ದೇಹದ ಲೆಕ್ಕ ಇಷ್ಟು. ಓಡತೊಡಗಿದ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೆಚ್ಚುತ್ತದೆ, ಆರು ವಾರದೊಳಗೆ ಉಸಿರು ಹಗುರವಾಗುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎಂಟನೇ ವಾರಕ್ಕೆ ಇನ್ನೂ ಓಡಬಲ್ಲೆ ಎಂದು ಎದೆ ಹೇಳುತ್ತದೆ, ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಮೊಣಕಾಲಿನ ಕೆಳಗಿನ ಮೂಳೆಯ ಉದ್ದಕ್ಕೂ ಹರಡಿದ ನೋವಿದ್ದರೆ ಸಾಮಾನ್ಯವಾಗಿ ಓಟ ತಗ್ಗಿಸಿದರೆ ಇಳಿಯುತ್ತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ನೋವಿದ್ದು ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ಹೆಚ್ಚಾದರೆ ಮೂಳೆಯ ಸಣ್ಣ ಬಿರುಕಿರಬಹುದು. ಓಟ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಹಿಮ್ಮಡಿಯ ಮೇಲಿನ ರಜ್ಜು ಬೆಳಿಗ್ಗೆ ಬಿಗಿಯಾಗಿದ್ದು ಹತ್ತು ನಿಮಿಷದಲ್ಲಿ ಸಡಿಲಗೊಂಡರೆ ನಿಧಾನವಾಗಿ ಓಡಬಹುದು, ಓಡಿದಂತೆಲ್ಲ ನೋವು ಏರಿದರೆ ಕೂಡದು.

ಬಲವರ್ಧನೆಗೆ ವಾರಕ್ಕೆ 20 ನಿಮಿಷದಂತೆ ಎರಡು ಸಲ ಸಾಕು. ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು 12-15 ಸಲದ ಮೂರು ಸರದಿ, ಅದನ್ನೇ ಮೊಣಕಾಲು ತುಸು ಬಗ್ಗಿಸಿ ಎರಡು ಸರದಿ. ಮೆಟ್ಟಿಲು ಹತ್ತಿಳಿಯುವುದು ಕಾಲಿಗೆ ಹತ್ತರಂತೆ ಮೂರು ಸರದಿ. ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದಿಡುವ ಪ್ಲ್ಯಾಂಕ್ 30-40 ಸೆಕೆಂಡಿನಂತೆ ಮೂರು. ಮೊಣಕಾಲು ಬಗ್ಗಿಸುವುದನ್ನು ಮರೆಯಬೇಡಿ. ಮೀನಖಂಡದ ಒಳಪದರದ ಸ್ನಾಯುವಿಗೆ ಹೆಚ್ಚು ಭಾರ ಬೀಳುವುದು ಆಗಲೇ, ಓಟದಲ್ಲಿ ಬಹಳ ದುಡಿಯುವುದೂ ಅದೇ. ಒಂದು ಸಲವನ್ನು ಮಂಗಳವಾರ ಸಂಜೆಗೇ ಇಟ್ಟುಕೊಳ್ಳಿ. ಕಠಿಣವಾದದ್ದೆಲ್ಲ ಒಂದೇ ದಿನ ಮುಗಿದರೆ ಬುಧವಾರದ ಬಿಡುವು ನಿಜವಾದ ಬಿಡುವಾಗುತ್ತದೆ.

ಕೊನೆಯದಾಗಿ ಆಫೀಸಿನ ಕ್ಯಾಲೆಂಡರ್. ಗಡುವಿನ ಒತ್ತಡ, ಪ್ರಯಾಣ, ನಿದ್ದೆಗೇಡು, ಓಟ, ಎಲ್ಲವನ್ನೂ ದೇಹ ಒಂದೇ ಖಾತೆಯಲ್ಲಿ ಬರೆದುಕೊಳ್ಳುತ್ತದೆ. ತಿಂಗಳ ನಾಲ್ಕನೇ ವಾರವೇ ಇಳಿಕೆಯ ವಾರವಾಗಬೇಕೆಂಬ ಕಟ್ಟುಪಾಡಿಲ್ಲ. ತಿಂಗಳ ಅತಿ ಬಿರುಸಿನ ಕೆಲಸದ ವಾರವನ್ನು ಹುಡುಕಿ ಇಳಿಕೆಯನ್ನು ಅಲ್ಲಿಗೆ ತನ್ನಿ. ಬೆಳಿಗ್ಗೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸುವ ರೂಢಿ ಮಾಡಿಕೊಳ್ಳಿ. ವಾಡಿಕೆಗಿಂತ 7-8 ಬಡಿತ ಹೆಚ್ಚಾಗಿ ಎರಡು ದಿನ ಹಾಗೇ ಉಳಿದರೆ ಆ ವಾರದ ಕಠಿಣ ಓಟವನ್ನು ನಿಧಾನಕ್ಕೆ ಬದಲಿಸಿ.

ಭಾನುವಾರ ರಾತ್ರಿ ಐದು ನಿಮಿಷ ಕೂತು ಮುಂದಿನ ವಾರದ ಎರಡು ಕಂಬಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪ್ರತಿಯೊಂದಕ್ಕೂ ಒಂದು ಬದಲಿ ದಿನವನ್ನೂ ಪಕ್ಕದಲ್ಲೇ ಬರೆದಿಡಿ. ಓಟದ ಡೈರಿಯಲ್ಲಿ ನಿಮಿಷ, ವೇಗಗಳ ಜೊತೆ ಹಿಂದಿನ ರಾತ್ರಿಯ ನಿದ್ದೆಯ ಗಂಟೆ ಮತ್ತು ಶೂ ಓಡಿದ ಒಟ್ಟು ದೂರವೂ ಇರಲಿ. 500-800 ಕಿಲೋಮೀಟರಿನ ನಡುವೆ ಹೆಚ್ಚಿನ ಶೂಗಳ ಮೆತ್ತೆ ಸತ್ತಿರುತ್ತದೆ. ಈಗ ನಿಮ್ಮ ನಿಮ್ಮ ವಾರಗಳನ್ನು ಮುಂದಿಡಿ, ಯಾವ ದಿನ ಏನು ಕೂರುತ್ತದೆ ಎಂದು ಒಟ್ಟಿಗೆ ನೋಡೋಣ.